ಗಣಿತಜ್ಞ ವಾನ್ ನ್ಯೂಮನ್

ಜಾನ್ ವಾನ್ ನ್ಯೂಮನ್ನರು 1903ರ ಡಿಸೆಂಬರ್ 28ರಂದು ಹಂಗೇರಿಯ ಬುಡಾಪೆಸ್ಟ್ ನಗರದಲ್ಲಿ ಜನಿಸಿದರು. ಎಳವೆಯಲ್ಲಿಯೇ ಗಣಿತದಲ್ಲಿ ಅಸಾಧಾರಣ ಪ್ರತಿಭೆ ತೋರಿದ ಅವರು 1933ರಲ್ಲಿ ಅಮೆರಿಕದ ಪ್ರಿನ್‌ಸ್ಟನ್ನಿನ ಉನ್ನತ ಅಧ್ಯಯನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾದರು.

ಆಗಿನ ಗಣಕಯಂತ್ರಗಳು ಮುಖ್ಯವಾಗಿ ಕೂಡುವ, ಗುಣಿಸುವ ಕೆಲಸಕ್ಕಾಗಿ ರೂಪುಗೊಂಡಿದ್ದವು. ಸಂಖ್ಯೆಗಳನ್ನು ಏರಿಕೆಯ ಕ್ರಮದಲ್ಲಿ ಜೋಡಿಸುವುದು ಅವುಗಳಿಗೆ ಸಾಧ್ಯವೇ? ಎಡ್‌ವ್ಯಾಕ್ ಎಂಬ ಗಣಕದ ವಿನ್ಯಾಸದಲ್ಲಿ ತೊಡಗಿದ್ದ ನ್ಯೂಮನ್ನರು, ಯಂತ್ರ ಸಿದ್ಧವಾಗುವ ಮೊದಲೇ, 1945ರಲ್ಲಿ ಇದನ್ನು ಪರೀಕ್ಷಿಸಲು ಆದೇಶಗಳ ಸರಣಿಯೊಂದನ್ನು ಬರೆದರು. ಇಡೀ ಪಟ್ಟಿಯನ್ನು ಒಂದೇ ನೋಟದಲ್ಲಿ ಕಾಣುವ ಕಣ್ಣು ಯಂತ್ರಕ್ಕಿಲ್ಲ. ಅದು ಒಮ್ಮೆಗೆ ಎರಡು ಸಂಖ್ಯೆಗಳನ್ನು ಮಾತ್ರ ಹೋಲಿಸಬಲ್ಲದು. ಆದರೆ ಅಷ್ಟೇ ಸಾಕೆಂದು ಅವರು ಕಂಡುಕೊಂಡರು. ಕ್ರಮವಾಗಿರುವ ಎರಡು ಪಟ್ಟಿಗಳ ಮೊದಲ ಸಂಖ್ಯೆಗಳನ್ನು ಹೋಲಿಸಿ, ಚಿಕ್ಕದನ್ನು ತೆಗೆದು ಹೊಸ ಪಟ್ಟಿಗೆ ಸೇರಿಸುತ್ತ ಹೋದರೆ, ಕಟ್ಟಕಡೆಗೆ ಉಳಿಯುವುದೇ ಎಲ್ಲಕ್ಕಿಂತ ದೊಡ್ಡ ಸಂಖ್ಯೆ. ಒಂದೊಂದೇ ಸಂಖ್ಯೆಯ ಪಟ್ಟಿಗಳಿಂದ ಆರಂಭಿಸಿದರೂ, ಹೀಗೆ ಕೂಡಿಸುತ್ತ ಎಷ್ಟು ದೊಡ್ಡ ಪಟ್ಟಿಯನ್ನಾದರೂ ಕ್ರಮಗೊಳಿಸಬಹುದು.

1955ರಲ್ಲಿ ಅವರಿಗೆ ಕ್ಯಾನ್ಸರ್ ಇರುವುದು ತಿಳಿದುಬಂದಿತು. ಗಣಕವನ್ನೂ ಮಾನವನ ಮಿದುಳನ್ನೂ ಹೋಲಿಸುವ ಉಪನ್ಯಾಸಗಳನ್ನು ಬರೆಯುತ್ತಿದ್ದ ಅವರಿಗೆ ಆ ಕೆಲಸವನ್ನು ಮುಗಿಸಲು ರೋಗವು ಅವಕಾಶ ಕೊಡಲಿಲ್ಲ. 1957ರ ಫೆಬ್ರುವರಿ 8ರಂದು, ತಮ್ಮ 53ನೆಯ ವಯಸ್ಸಿನಲ್ಲಿ, ಅವರು ನಿಧನ ಹೊಂದಿದರು. ಅಪೂರ್ಣವಾಗಿದ್ದ ಆ ಬರಹ ಮರುವರ್ಷ ಗ್ರಂಥರೂಪದಲ್ಲಿ ಪ್ರಕಟವಾಯಿತು. ಸಂಖ್ಯೆಗಳ ಹೋಲಿಕೆಯನ್ನು ಯಂತ್ರಕ್ಕೆ ಒಪ್ಪಿಸಿದ ಮಹನೀಯರ ಕೊನೆಯ ಹೋಲಿಕೆ ಅರ್ಧದಲ್ಲಿಯೇ ಉಳಿಯಿತು.