ತೊಪ್ಪೂರು ಕಣಿವೆ ದಾಟಿದ ಟಿಪ್ಪು: ಆಯುಧದ ಭಾರ ಹೊತ್ತವರು ಯಾರು?

ತೊಪ್ಪೂರು: ಧರ್ಮಪುರಿಯಿಂದ ಸೇಲಂಗೆ ಹೋಗುವವರಿಗೆ ತೊಪ್ಪೂರು ಕಣವಾಯ್ ಎಂದರೆ ಲಾರಿ ಅಪಘಾತಗಳ ನೆನಪು. ಭಾರ ಹೇರಿಕೊಂಡು ಇಳಿಜಾರಿನಲ್ಲಿ ಬಂದ ಗಾಡಿಗೆ ಬ್ರೇಕ್ ಹಿಡಿಯದಿದ್ದರೆ ದೇವರೇ ಗತಿ. ಇದೇ ಕಣಿವೆಯಲ್ಲಿ 1790ರ ನವೆಂಬರ್‌ನಲ್ಲಿ ಎರಡು ದೊಡ್ಡ ಸೈನ್ಯಗಳು ಭಾರ ಹೊತ್ತು ಓಡಿದ್ದವು. ಮುಂದೆ ಮೈಸೂರಿನ ಟಿಪ್ಪು ಸುಲ್ತಾನ್, ಹಿಂದೆ ಇಂಗ್ಲಿಷರ ಜನರಲ್ ಮೆಡೋಸ್.

ಟಿಪ್ಪು ಹುಟ್ಟಿದ್ದು 1750ರ ನವೆಂಬರ್ 20ರಂದು, ದೇವನಹಳ್ಳಿಯಲ್ಲಿ. ತಂದೆ ಹೈದರ್ ಅಲಿ, ತಾಯಿ ಫಕ್ರುನ್ನೀಸಾ. ಮೀಸೆ ಮೂಡುವ ವಯಸ್ಸಿಗೇ ಕುದುರೆ ಪಡೆಯೊಂದಿಗೆ ಮದ್ರಾಸಿನ ಹತ್ತಿರದವರೆಗೂ ನುಗ್ಗಿದವನು. 1780ರಲ್ಲಿ ಪೊಳ್ಳಿಲೂರಿನಲ್ಲಿ ಕರ್ನಲ್ ಬೇಲಿಯ ಸೈನ್ಯವನ್ನು ಸೋಲಿಸಿದ. 1782ರ ಡಿಸೆಂಬರ್‌ನಲ್ಲಿ ಹೈದರ್ ತೀರಿಕೊಂಡಾಗ ರಾಜ್ಯದ ಹೊಣೆ ಆತನ ಹೆಗಲೇರಿತು.

ಆಯುಧಗಳೆಂದರೆ ಟಿಪ್ಪುವಿಗೆ ಪ್ರಾಣ. ಕೋವಿ, ಪಿಸ್ತೂಲುಗಳನ್ನು ಪರದೇಶದಿಂದ ತರಿಸುವುದಷ್ಟೇ ಸಾಲದೆಂದು ಶ್ರೀರಂಗಪಟ್ಟಣ, ಬೆಂಗಳೂರು, ಚಿತ್ರದುರ್ಗ, ನಗರಗಳಲ್ಲಿ ಕಾರ್ಖಾನೆ ಇಡಿಸಿದ. ಅಲ್ಲಿ ತಯಾರಾದ ಪಿಸ್ತೂಲುಗಳ ಮೇಲೆ ಹುಲಿಯ ಮುಖ, ಹುಲಿಪಟ್ಟೆ. ಕೆಲವು ಜೋಡಿಗಳಲ್ಲಿ ಒಂದಕ್ಕೆ ಬಲಗಡೆ, ಇನ್ನೊಂದಕ್ಕೆ ಎಡಗಡೆ ಚಕಮಕಿ ಕಲ್ಲಿನ ಕುದುರೆ ಇರುತ್ತಿತ್ತು.

ನೋಡಲು ಚೆಂದ, ಹೊರಲು ಕಷ್ಟ. ಅಂದಿನ ಸವಾರನ ಪಿಸ್ತೂಲು ಸಾಮಾನ್ಯವಾಗಿ ಒಂದು ಕಿಲೋಗಿಂತ ಹೆಚ್ಚು ತೂಗುತ್ತಿತ್ತು. ಜೋಡಿ ಎಂದರೆ ಎರಡಷ್ಟು. ಜೊತೆಗೆ ಮದ್ದು, ಗುಂಡು, ಕತ್ತಿ. ಒಂದು ಸಲ ಹಾರಿಸಿದರೆ ಮತ್ತೆ ಮದ್ದು ತುಂಬಬೇಕು. ಅದಕ್ಕೇ ಎರಡು ಬೇಕಾಗಿದ್ದವು. ದಿನವಿಡೀ ಸೊಂಟದಲ್ಲಿ ತೂಗಿಕೊಂಡರೆ ನಡುವೇ ಬಿದ್ದುಹೋದೀತು. ಆದ್ದರಿಂದ ಸವಾರರು ಅವನ್ನು ಜೀನಿನ ಮುಂದಿನ ಚರ್ಮದ ಚೀಲದಲ್ಲಿ ಇಡುತ್ತಿದ್ದರು. ಭಾರ ಕುದುರೆಗೆ. ಕಾಲಾಳಿಗೆ ಆ ಸೌಕರ್ಯವೂ ಇಲ್ಲ, ಕೋವಿ ಅವನ ಹೆಗಲಿಗೇ.

1790ರಲ್ಲಿ ಬಾರಾಮಹಲಿಗೆ ನುಗ್ಗಿದ ಕರ್ನಲ್ ಮ್ಯಾಕ್ಸ್‌ವೆಲ್‌ನನ್ನು ತಡೆಯಲು ಟಿಪ್ಪು ಬಂದ. ಮೆಡೋಸ್ ಸೈನ್ಯವೂ ಬಂದು ಮ್ಯಾಕ್ಸ್‌ವೆಲ್‌ನನ್ನು ಕೂಡಿಕೊಂಡಿತು. ಟಿಪ್ಪು ತೊಪ್ಪೂರಿನತ್ತ ತಿರುಗಿದ. ಇಂಗ್ಲಿಷರು ಕಣಿವೆ ಮುಟ್ಟುವಾಗ ಆತನ ಕಾಲಾಳುಗಳು ಇನ್ನೂ ದಾಟುತ್ತಿದ್ದರು. ಕುದುರೆ ಪಡೆ ಅಡ್ಡ ನಿಂತು ಕಾಲಾಳುಗಳನ್ನು ಪಾರು ಮಾಡಿತು. ಟಿಪ್ಪು ತಿರುಚಿನಾಪಳ್ಳಿಯ ಕಡೆ ಇಳಿದುಹೋದ. ಮೆಡೋಸ್ ಎದುರಿಗೇ ಟಿಪ್ಪು ಎರಡು ದಿನಕ್ಕೆ 63 ಮೈಲಿ ನಡೆಯಲು ಸಾಧ್ಯವಾದದ್ದು ಅಮೃತ ಮಹಲ್ ಎತ್ತುಗಳಿಂದ ಎಂದು ಹಳೆಯ ಮೈಸೂರು ದಾಖಲೆಗಳು ಹೇಳುತ್ತವೆ. ಫಿರಂಗಿ ಎಳೆದ ಆ ಎತ್ತುಗಳಿಗೂ ಗೆಲುವಿನಲ್ಲಿ ಪಾಲುಂಟು.

ಆದರೆ ಕಣಿವೆ ದಾಟಿದರೂ ಯುದ್ಧ ದಾಟಲಿಲ್ಲ. 1792ರ ಶ್ರೀರಂಗಪಟ್ಟಣ ಒಪ್ಪಂದದಲ್ಲಿ ಅರ್ಧ ರಾಜ್ಯ ಹೋಯಿತು. 3 ಕೋಟಿ 30 ಲಕ್ಷ ರೂಪಾಯಿ ದಂಡ ಬಿತ್ತು. ಇಬ್ಬರು ಎಳೆಯ ಮಕ್ಕಳನ್ನು ಒತ್ತೆ ಇಡಬೇಕಾಯಿತು. ನಮ್ಮ ಬಾರಾಮಹಲ್, ಸೇಲಂ ಕಂಪನಿಯ ಪಾಲಾದವು. ಕ್ಯಾಪ್ಟನ್ ರೀಡ್, ಅವನ ಕೈಕೆಳಗೆ ಥಾಮಸ್ ಮನ್ರೋ ಕಂದಾಯ ನಿಗದಿಗೆ ಬಂದರು. ಮೈಸೂರಿಗೆ ಸೇರಿದ್ದ ಕನ್ನಡದ ಮನೆಗಳು ಅಂದಿನಿಂದ ಗಡಿಯ ಈಚೆ ಉಳಿದವು. ದಂಡು ಯಾರದೇ ಇರಲಿ, ಹೊಲ ತುಳಿಸಿಕೊಂಡವರು, ಮೇವು ಕೊಟ್ಟವರು ಹಳ್ಳಿಯವರೇ.

ಟಿಪ್ಪುವಿನ ಬಗ್ಗೆ ಇಂದಿಗೂ ಜನರಲ್ಲಿ ಒಂದೇ ಮಾತಿಲ್ಲ. ಇಂಗ್ಲಿಷರಿಗೆ ಮಣಿಯದ ಶೂರನೆಂದು ಕೆಲವರು ಕೊಂಡಾಡಿದರೆ, ಕೊಡಗು, ಮಲಬಾರಿನಲ್ಲಿ ಅವನ ದಂಡಯಾತ್ರೆಯ ನೋವು ಇನ್ನೂ ಮಾಸಿಲ್ಲ. ಎರಡೂ ಅವನ ಬದುಕಿನ ಭಾಗಗಳೇ.

1799ರ ಮೇ 4ರ ಮಧ್ಯಾಹ್ನ ಶ್ರೀರಂಗಪಟ್ಟಣದ ಕೋಟೆ ಒಡೆಯಿತು. ಊಟಕ್ಕೆ ಕೂತಿದ್ದ ಟಿಪ್ಪು ಎದ್ದು ಬಂದ. ಸೇವಕರು ತುಂಬಿ ಕೊಟ್ಟ ಕೋವಿಗಳನ್ನು ಕೋಟೆಗೋಡೆಯ ಮೇಲಿಂದ ಹಾರಿಸಿದ. ಗಾಯಗೊಂಡು ಬಾಗಿಲಿನ ಬಳಿ ಬಿದ್ದಾಗ ಉಳಿದದ್ದು ಕತ್ತಿಯೊಂದೇ. ರಾತ್ರಿ ದೀಪ ಹಿಡಿದು ಹೆಣಗಳ ನಡುವೆ ಅವನನ್ನು ಹುಡುಕಿದರು. ಮರುದಿನ ತಂದೆಯ ಪಕ್ಕದಲ್ಲೇ ಮಣ್ಣು ಮಾಡಿದರು.

ಕೊಳ್ಳೆ ಹೋದ ಆ ಆಯುಧಗಳು ಈಗ ಪರದೇಶದ ಸಂಗ್ರಹಗಳಲ್ಲಿವೆ. 2015ರಲ್ಲಿ ಲಂಡನ್ನಿನ ಬೋನ್‌ಹ್ಯಾಮ್ಸ್ ಹರಾಜಿನಲ್ಲಿ ಕೆಲವು ಲಕ್ಷಾಂತರ ಪೌಂಡಿಗೆ ಹೋದವು. ಅವನ್ನು ಮಾಡಿದ ಕುಶಲಕರ್ಮಿಗಳು, ಹೊತ್ತ ಆಳುಗಳು, ಕಣಿವೆ ದಾಟಿದ ಕಾಲಾಳುಗಳನ್ನು ಕೇಳುವವರಿಲ್ಲ. ತೊಪ್ಪೂರು ದಾಟುವಾಗ ಒಮ್ಮೆ ಅವರನ್ನೂ ನೆನೆಯೋಣ.