ದಾನಚಿಂತಾಮಣಿಯ ಅಚಲ ಶ್ರದ್ಧೆ

ಸುಖದ ದಿನಗಳಲ್ಲಿ ಜಿನನಾಮವನ್ನು ನುಡಿಯುವುದು ಎಲ್ಲರಿಗೂ ಸುಲಭ. ದುಃಖವು ಮನೆಯ ಬಾಗಿಲಿಗೆ ಬಂದು ನಿಂತಾಗ ಕೈಹಿಡಿದ ವ್ರತವನ್ನು ಬಿಡದಿರುವುದೇ ಶ್ರದ್ಧೆಯ ನಿಜವಾದ ಪರೀಕ್ಷೆ. ಆ ಪರೀಕ್ಷೆಯಲ್ಲಿ ಗೆದ್ದ ಶ್ರಾವಿಕೆಯರಲ್ಲಿ ಅತ್ತಿಮಬ್ಬೆಯ ಹೆಸರು ಅಗ್ರಗಣ್ಯವಾದುದು.

ಕ್ರಿ.ಶ. 973ರಲ್ಲಿ ಇಮ್ಮಡಿ ತೈಲಪನು ಚಾಲುಕ್ಯ ರಾಜ್ಯವನ್ನು ಪುನಃ ಸ್ಥಾಪಿಸಿದನು. ಆ ಕಾಲದ ಜಿನಭಕ್ತರಲ್ಲಿ ಮಲ್ಲಪಯ್ಯ, ಪುನ್ನಮಯ್ಯ ಎಂಬ ಸಹೋದರರು ಪ್ರಸಿದ್ಧರು. ತಮ್ಮ ಗುರುಗಳಾದ ಜಿನಚಂದ್ರದೇವರ ಸ್ಮರಣಾರ್ಥವಾಗಿ ಪೊನ್ನಕವಿಯಿಂದ ಶಾಂತಿಪುರಾಣವನ್ನು ಬರೆಯಿಸಿದವರು ಇವರೇ. ಮಲ್ಲಪಯ್ಯನ ಮಕ್ಕಳಾದ ಅತ್ತಿಮಬ್ಬೆ, ಗುಂಡಮಬ್ಬೆಯರಿಬ್ಬರನ್ನೂ ತೈಲಪನ ಮಹಾಮಂತ್ರಿಯಾದ ಧಲ್ಲಪನ ಮಗ ನಾಗದೇವನಿಗೆ ಕೊಟ್ಟು ವಿವಾಹ ಮಾಡಲಾಯಿತು. ಅತ್ತಿಮಬ್ಬೆಗೆ ಅಣ್ಣಿಗದೇವನೆಂಬ ಮಗನು ಜನಿಸಿದನು.

ಶೂರನಾದ ನಾಗದೇವನು ಯುದ್ಧದಲ್ಲಿ ಮಡಿದನು. ಅಗಲಿಕೆಯನ್ನು ತಾಳಲಾರದೆ ಗುಂಡಮಬ್ಬೆಯು ಪತಿಯ ಚಿತೆಯನ್ನೇರಿದಳು. ಒಂದೇ ಪೆಟ್ಟಿಗೆ ಪತಿಯನ್ನೂ ಒಡಹುಟ್ಟಿದವಳನ್ನೂ ಕಳೆದುಕೊಂಡ ಅತ್ತಿಮಬ್ಬೆಯ ಮುಂದೆಯೂ ಅದೇ ಅಗ್ನಿಯಿತ್ತು. ಆದರೆ ಬೆಂಕಿಯಲ್ಲಿ ಬಿದ್ದು ಪುಣ್ಯವನ್ನರಸುವುದನ್ನು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಲೋಕಮೂಢತೆಯೆಂದೇ ಎಣಿಸಿದ್ದಾರೆ. ಅತ್ತಿಮಬ್ಬೆಯು ಮಗನನ್ನು ಸಲಹುತ್ತ, ವ್ರತೋಪವಾಸಗಳಿಂದ ದೇಹವನ್ನು ದಂಡಿಸುತ್ತ ಬದುಕುವ ಕಠಿನವಾದ ಮಾರ್ಗವನ್ನು ಆರಿಸಿಕೊಂಡಳು. ಚಿತೆಯ ಉರಿ ಒಂದು ಗಳಿಗೆಯದು; ವ್ರತವೋ ಬಾಳಿನುದ್ದಕ್ಕೂ ಉರಿಯಬೇಕಾದ ದೀಪ.

ತನ್ನ ಸಂಪತ್ತನ್ನು ಆಕೆ ಧರ್ಮಕಾರ್ಯಗಳಿಗೆ ವಿನಿಯೋಗಿಸಿದಳು. ಮುದ್ರಣವಿಲ್ಲದ ಆ ಕಾಲದಲ್ಲಿ ಲಿಪಿಕಾರರಿಂದ ಶಾಂತಿಪುರಾಣದ 1000 ಪ್ರತಿಗಳನ್ನು ಓಲೆಯ ಮೇಲೆ ಬರೆಯಿಸಿ ಶಾಸ್ತ್ರದಾನ ಮಾಡಿದಳು. ರನ್ನಕವಿಗೆ ಆಶ್ರಯವಿತ್ತು 993ರಲ್ಲಿ ಅಜಿತಪುರಾಣವನ್ನು ರಚಿಸಿಸಿದಳು. 1007ರಲ್ಲಿ ಲಕ್ಕುಂಡಿಯಲ್ಲಿ ಬ್ರಹ್ಮಜಿನಾಲಯವನ್ನು ಕಟ್ಟಿಸಿದಳು. ಲೋಕವು ಆಕೆಯನ್ನು ದಾನಚಿಂತಾಮಣಿಯೆಂದು ಕೊಂಡಾಡಿತು.

ಆಕೆಯ ಮಹಿಮೆಯನ್ನು ಹೇಳುವ ಕಥೆಗಳು ಕಾವ್ಯದಲ್ಲಿಯೂ ಲಕ್ಕುಂಡಿಯ ಶಾಸನದಲ್ಲಿಯೂ ಉಳಿದುಬಂದಿವೆ. ಗೊಮ್ಮಟೇಶ್ವರನ ದರ್ಶನವಾಗುವ ತನಕ ಆಹಾರವನ್ನು ಮುಟ್ಟೆನೆಂದು ವ್ರತ ತೊಟ್ಟು ಬೆಟ್ಟವನ್ನೇರಿದಾಗ, ಬಳಲಿದ ಆಕೆಯ ಮೇಲೆ ಅಕಾಲದಲ್ಲಿ ಮಳೆ ಸುರಿದು ಆಯಾಸವನ್ನು ನೀಗಿತೆಂದು ಪರಂಪರೆ ಹೇಳುತ್ತದೆ. ತುಂಬಿ ಹರಿಯುತ್ತಿದ್ದ ಗೋದಾವರಿಯು ಜಿನಬಿಂಬವನ್ನು ಹೊತ್ತ ಆಕೆಯ ಮುಂದೆ ಪ್ರವಾಹವನ್ನು ತಡೆದು ನಿಂತಿತೆಂಬ ಕಥೆಯು ಮನೆಮನೆಯ ಮಾತಾಗಿದೆ.

ಇಲ್ಲಿ ಒಂದು ಸಂದೇಹವು ಸಹಜ. ನದಿಯನ್ನು ನಿಲ್ಲಿಸಿದ ಭಕ್ತಿಯು ನಾಗದೇವನನ್ನು ಏಕೆ ಉಳಿಸಲಿಲ್ಲ? ಜಿನೇಂದ್ರನು ವೀತರಾಗನು; ಒಲಿದು ಕೊಡುವವನೂ ಅಲ್ಲ, ಮುನಿದು ಕಸಿಯುವವನೂ ಅಲ್ಲ. ಸುಖದುಃಖಗಳು ಅವರವರ ಕರ್ಮದ ಉದಯದಿಂದ ಬರುವಂಥವು. ಹೀಗಿದ್ದೂ ಆತನ ಗುಣಸ್ಮರಣೆಯಿಂದ ಪರಿಣಾಮಗಳು ನಿರ್ಮಲವಾಗುತ್ತವೆ, ಕಷ್ಟವನ್ನು ಸಮಭಾವದಿಂದ ಸಹಿಸುವ ಬಲ ಹುಟ್ಟುತ್ತದೆ. ಆತನು ತೋರಿದ ಮಾರ್ಗವು ಎಂದಿಗೂ ಹುಸಿಯಾಗದು. ಈ ಮಾರ್ಗದಲ್ಲಿ ಶಂಕೆಯಿಲ್ಲದೆ ನಿಲ್ಲುವುದೇ ಸಮ್ಯಗ್ದರ್ಶನದ ಮೊದಲ ಅಂಗವಾದ ನಿಃಶಂಕಿತವು.

ಆದುದರಿಂದ ಅತ್ತಿಮಬ್ಬೆಯ ಶ್ರದ್ಧೆಯನ್ನು ಗೋದಾವರಿಯ ದಡದಲ್ಲಿ ಮಾತ್ರ ಕಾಣಬಾರದು. ರಣರಂಗದಿಂದ ಪತಿಯು ಮರಳದಿದ್ದ ದಿನ, ಯಾವ ಪವಾಡವೂ ನಡೆಯದಿದ್ದ ಆ ದಿನ, ಆಕೆ ಜಿನಪಾದವನ್ನು ಬಿಡಲಿಲ್ಲ. ರೋಗ, ಸಾಲ, ಅಗಲಿಕೆಗಳಿಂದ ಕುಗ್ಗಿದ ಶ್ರಾವಕ ಶ್ರಾವಿಕೆಯರು ಅಷ್ಟಮಿ ಚತುರ್ದಶಿಗಳ ಉಪವಾಸವನ್ನು ಫಲ ಕಾಣಲಿಲ್ಲವೆಂದು ಕೈಬಿಡುವ ಮುನ್ನ ಈ ಮಹಾಸತಿಯನ್ನು ನೆನೆಯಲಿ. ವ್ರತವು ಬೇಡಿದ್ದನ್ನು ಕೊಡಿಸುವ ಬೆಲೆಯಲ್ಲ. ಬಂದುದನ್ನು ತಾಳಿಕೊಂಡು ಧರ್ಮದಲ್ಲಿ ನಿಲ್ಲಿಸುವ ಊರುಗೋಲು.