ಬೂದಿಕೋಟೆಯ ಹೆಸರು ಹೊತ್ತ ಹಡಗು: ಕಪ್ತಾನ ಜೋಷುವಾ ಬಾರ್ನಿಯ ಬದುಕು

ಕೋಲಾರ ಜಿಲ್ಲೆಗೂ ಸಮುದ್ರಕ್ಕೂ ಏನು ಸಂಬಂಧ ಎಂದು ಯಾರಾದರೂ ಕೇಳಿದರೆ ನಾವು ನಕ್ಕುಬಿಡುತ್ತೇವೆ. ನಮಗೆ ಕೆರೆ ತುಂಬಿದರೆ ಅದೇ ಸಮುದ್ರ. ಆದರೆ ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆಯಲ್ಲಿ ಹುಟ್ಟಿದ ಒಬ್ಬರ ಹೆಸರನ್ನು ಹೊತ್ತ ಯುದ್ಧನೌಕೆಯೊಂದು 1782ರಲ್ಲಿ ಅಮೆರಿಕದ ಕರಾವಳಿಯಲ್ಲಿ ಇಂಗ್ಲಿಷರ ಹಡಗನ್ನು ಸೋಲಿಸಿ ಸೆರೆಹಿಡಿಯಿತು. ಆ ನೌಕೆಯ ಹೆಸರು ಹೈದರ್ ಅಲಿ. ಅದರ ಕಪ್ತಾನನಿಗೆ ಆಗ ಬರೀ 22 ವರ್ಷ. ಅವನ ಹೆಸರು ಜೋಷುವಾ ಬಾರ್ನಿ. ಮುಂದೆ ಅಮೆರಿಕದ ನೌಕಾಪಡೆಯ ಎರಡು ಡೆಸ್ಟ್ರಾಯರ್‌ಗಳಿಗೆ ಈ ಬಾರ್ನಿಯ ಹೆಸರನ್ನೇ ಇಡಲಾಯಿತು.

ಬಾರ್ನಿ ಹುಟ್ಟಿದ್ದು 1759ರ ಜುಲೈ 6ರಂದು, ಮೇರಿಲ್ಯಾಂಡ್ ಪ್ರಾಂತ್ಯದ ಬಾಲ್ಟಿಮೋರ್‌ನಲ್ಲಿ. ಆಗ ಅಮೆರಿಕ ಸ್ವತಂತ್ರ ದೇಶವಾಗಿರಲಿಲ್ಲ, ಇಂಗ್ಲೆಂಡಿನ ವಸಾಹತಾಗಿತ್ತು. ಹುಡುಗನಿಗೆ ಓದಿಗಿಂತ ಹಡಗಿನ ಮೇಲೆ ಪ್ರೀತಿ. ಚಿಕ್ಕ ವಯಸ್ಸಿನಲ್ಲೇ ಸಮುದ್ರಯಾನಕ್ಕೆ ಹೊರಟ. ಅವನ ಭಾವನೇ ಕಪ್ತಾನನಾಗಿದ್ದ ಹಡಗೊಂದು ಗೋಧಿ ತುಂಬಿಕೊಂಡು ಯೂರೋಪಿಗೆ ಹೋಗುತ್ತಿದ್ದಾಗ ನಡುಸಮುದ್ರದಲ್ಲಿ ಭಾವ ತೀರಿಕೊಂಡ. ಹಡಗು ಸೋರುತ್ತಿತ್ತು, ಹೇಳಿಕೊಡುವವರು ಯಾರೂ ಇರಲಿಲ್ಲ. 15 ವರ್ಷದ ಬಾರ್ನಿ ತಾನೇ ಹಡಗಿನ ಹೊಣೆ ಹೊತ್ತ. ಜಿಬ್ರಾಲ್ಟರ್‌ನಲ್ಲಿ ರಿಪೇರಿ ಮಾಡಿಸಿ, ನೀಸ್ ಬಂದರಿನಲ್ಲಿ ಗೋಧಿಯನ್ನು ಇಳಿಸಿ, ಹಡಗನ್ನು ಮರಳಿ ಊರಿಗೆ ತಂದ. ನಮ್ಮಲ್ಲಿ ಅದು ಎಸ್ಸೆಸ್ಸೆಲ್ಸಿ ಬರೆಯುವ ವಯಸ್ಸು!

ಊರಿಗೆ ಬರುವಷ್ಟರಲ್ಲಿ ಇಂಗ್ಲಿಷರ ವಿರುದ್ಧ ಸ್ವಾತಂತ್ರ್ಯ ಸಮರ ಶುರುವಾಗಿತ್ತು. ಬಾರ್ನಿ ಹೊಸ ನೌಕಾಪಡೆ ಸೇರಿದ. ಒಂದೇ ವರ್ಷದಲ್ಲಿ ಲೆಫ್ಟಿನೆಂಟ್ ಆದ. ಆದರೆ ಅವನ ಬದುಕು ಗೆಲುವಿನ ಮೇಲೆ ಗೆಲುವು ಎಂಬಂತೆ ಇರಲಿಲ್ಲ. ಅವನು ಒಂದಲ್ಲ, ಹಲವು ಬಾರಿ ಇಂಗ್ಲಿಷರ ಕೈಗೆ ಸಿಕ್ಕಿಬಿದ್ದ. ಕೊನೆಗೆ ಅವನನ್ನು ಇಂಗ್ಲೆಂಡಿಗೆ ಸಾಗಿಸಿ ಪ್ಲಿಮತ್ ಊರಿನ ಮಿಲ್ ಪ್ರಿಸನ್ ಎಂಬ ಸೆರೆಮನೆಗೆ ಹಾಕಿದರು. ಅಲ್ಲಿ ಅವನು ಕಾಲು ಉಳುಕಿದೆ ಎಂದು ನಟಿಸುತ್ತಾ ಊರುಗೋಲು ಹಿಡಿದು ಓಡಾಡಿದ. ಕುಂಟನ ಮೇಲೆ ಯಾರಿಗೂ ಅನುಮಾನ ಬರಲಿಲ್ಲ. 1781ರ ಮೇ ತಿಂಗಳ ಒಂದು ಹಗಲು ಊರುಗೋಲು ಬಿಸಾಡಿ, ಇಂಗ್ಲಿಷ್ ಅಧಿಕಾರಿಯ ವೇಷದಲ್ಲಿ ಗೋಡೆ ಹಾರಿ ಪಾರಾದ. ಯೂರೋಪಿನ ದಾರಿಯಾಗಿ ಸುತ್ತಿ ಬಳಸಿ 1782ರ ಹೊತ್ತಿಗೆ ಫಿಲಡೆಲ್ಫಿಯಾ ತಲುಪಿದ.

ಫಿಲಡೆಲ್ಫಿಯಾ ಡೆಲಾವೇರ್ ನದಿಯ ದಡದ ವ್ಯಾಪಾರದ ಊರು. ನದಿ ಸಮುದ್ರ ಸೇರುವ ಕೊಲ್ಲಿಯಲ್ಲಿ ಇಂಗ್ಲಿಷರ ಹಡಗುಗಳು ಕಾದು ನಿಂತು ವ್ಯಾಪಾರಿ ಹಡಗುಗಳನ್ನು ದೋಚುತ್ತಿದ್ದವು. ಇದಕ್ಕೆ ಪರಿಹಾರವಾಗಿ ಊರಿನ ವರ್ತಕರು ಮತ್ತು ಪೆನ್ಸಿಲ್ವೇನಿಯಾ ಸರ್ಕಾರ ಸೇರಿ ಒಂದು ವ್ಯಾಪಾರಿ ಹಡಗಿಗೆ 16 ಫಿರಂಗಿ ಹೂಡಿದರು. ಆ ಹಡಗಿನ ಹೆಸರೇ ಹೈದರ್ ಅಲಿ.

ಅಷ್ಟು ದೂರದ ಜನರಿಗೆ ನಮ್ಮ ಹೈದರಾಲಿ ಹೇಗೆ ಗೊತ್ತು? ಬೂದಿಕೋಟೆಯಲ್ಲಿ ಫತೇ ಮುಹಮ್ಮದರ ಮಗನಾಗಿ ಹುಟ್ಟಿದ ಹೈದರಾಲಿಯವರಿಗೆ ಓದು ಬರಹ ಬರುತ್ತಿರಲಿಲ್ಲ. ಆದರೂ ಸಾಮಾನ್ಯ ಸೈನಿಕನ ಸ್ಥಾನದಿಂದ ಮೈಸೂರಿನ ಆಡಳಿತ ನಡೆಸುವ ಮಟ್ಟಕ್ಕೆ ಬೆಳೆದರು. 1780ರ ಸೆಪ್ಟೆಂಬರ್ 10ರಂದು ಕಂಚಿಯ ಬಳಿಯ ಪೊಲ್ಲಿಲೂರಿನಲ್ಲಿ ಅವರ ಸೇನೆ ಕರ್ನಲ್ ಬೈಲಿಯ ಇಂಗ್ಲಿಷ್ ಪಡೆಯನ್ನು ನುಚ್ಚುನೂರು ಮಾಡಿತು. ಈ ಸುದ್ದಿ ಸಮುದ್ರ ದಾಟಿ ಹಬ್ಬಿತು. ಅಮೆರಿಕನ್ನರಿಗೂ ಮೈಸೂರಿಗೂ ಶತ್ರು ಒಬ್ಬರೇ, ಇಬ್ಬರಿಗೂ ಫ್ರೆಂಚರೇ ಮಿತ್ರರು. ಇಂಗ್ಲಿಷರನ್ನು ಸೋಲಿಸಬಹುದು ಎಂದು ತೋರಿಸಿದವರ ಹೆಸರು ಹಡಗಿಗೆ ಬಂದದ್ದರಲ್ಲಿ ಆಶ್ಚರ್ಯವಿಲ್ಲ. ಫಿಲಿಪ್ ಫ್ರೆನೋ ಎಂಬ ಅಮೆರಿಕನ್ ಕವಿ ಈ ಹಡಗಿನ ಮೇಲೆ ಪದ್ಯವನ್ನೂ ಬರೆದ.

1782ರ ಏಪ್ರಿಲ್ 8. ವ್ಯಾಪಾರಿ ಹಡಗುಗಳ ಗುಂಪನ್ನು ಕಾಯುತ್ತಾ ಹೈದರ್ ಅಲಿ ಹಡಗು ಕೇಪ್ ಮೇ ಭೂಶಿರದ ಹತ್ತಿರ ನಿಂತಿತ್ತು. ಇಂಗ್ಲಿಷರ ಮೂರು ಹಡಗುಗಳು ಕಾಣಿಸಿಕೊಂಡವು. ಬಾರ್ನಿ ವ್ಯಾಪಾರಿ ಹಡಗುಗಳಿಗೆ ಹಿಂದಕ್ಕೆ ಹೋಗುವಂತೆ ಸನ್ನೆ ಕೊಟ್ಟು ತಾನು ಮಾತ್ರ ಹಿಂದೆ ಉಳಿದ. ಶತ್ರುಗಳ ಪೈಕಿ ಜನರಲ್ ಮಂಕ್ ಎಂಬ ಹಡಗು ಅವನ ಮೇಲೆ ನುಗ್ಗಿ ಬಂತು. ಅದರಲ್ಲಿ 20 ಫಿರಂಗಿ, 136 ಜನ. ಬಾರ್ನಿಯ ಬಳಿ ಇದ್ದದ್ದು 16 ಫಿರಂಗಿ, 110 ಜನ.

ಎದುರಾಳಿ ಬಲಶಾಲಿಯಾದಾಗ ಬುದ್ಧಿ ಓಡಬೇಕು. ಬಾರ್ನಿ ಚುಕ್ಕಾಣಿ ಹಿಡಿದವನಿಗೆ ಮೊದಲೇ ಗುಟ್ಟಾಗಿ ಹೇಳಿಟ್ಟಿದ್ದ: ನಾನು ಕೂಗಿ ಯಾವ ಕಡೆ ತಿರುಗಿಸು ಎನ್ನುತ್ತೇನೋ ಅದಕ್ಕೆ ವಿರುದ್ಧವಾಗಿ ತಿರುಗಿಸು. ಹಡಗುಗಳು ಹತ್ತಿರ ಬಂದಾಗ ಬಾರ್ನಿ ಶತ್ರುವಿಗೆ ಕೇಳುವಂತೆ ಜೋರಾಗಿ ಅಪ್ಪಣೆ ಕೂಗಿದ. ಅದನ್ನು ನಂಬಿ ಜನರಲ್ ಮಂಕ್ ತಿರುಗಿತು. ಹೈದರ್ ಅಲಿ ಇನ್ನೊಂದು ಕಡೆಗೆ ಹೊರಳಿತು. ಶತ್ರು ಹಡಗಿನ ಮುಂಭಾಗದ ಮರ ಇವರ ಹಗ್ಗಗಳಲ್ಲಿ ಸಿಕ್ಕಿಕೊಂಡಿತು. ಅದು ತನ್ನ ಫಿರಂಗಿಗಳನ್ನು ಇತ್ತ ತಿರುಗಿಸಲಾಗದೆ ಒದ್ದಾಡುವಾಗ ಇವರ ಫಿರಂಗಿಗಳು ಅದನ್ನು ಉದ್ದಕ್ಕೂ ಸೀಳಿದವು. ಅರ್ಧ ಗಂಟೆಯೊಳಗೆ ಜನರಲ್ ಮಂಕ್ ಬಾವುಟ ಇಳಿಸಿತು. ಅದರಲ್ಲಿ 20 ಜನ ಸತ್ತು 33 ಜನ ಗಾಯಗೊಂಡಿದ್ದರು. ಇವರ ಕಡೆ ಸತ್ತವರು 4, ಗಾಯಾಳುಗಳು 11. ಪೆನ್ಸಿಲ್ವೇನಿಯಾ ಸರ್ಕಾರ ಬಾರ್ನಿಗೆ ಖಡ್ಗ ಕೊಟ್ಟು ಗೌರವಿಸಿತು.

ಅದೇ ವೇಳೆಗೆ ಹೈದರಾಲಿಯವರು ತಮಿಳುನಾಡಿನ ಬಯಲಲ್ಲಿ ಯುದ್ಧದಲ್ಲಿದ್ದರು. ಎಂಟು ತಿಂಗಳ ನಂತರ, 1782ರ ಡಿಸೆಂಬರ್ 7ರಂದು, ಚಿತ್ತೂರಿನ ಬಳಿಯ ಶಿಬಿರದಲ್ಲೇ ತೀರಿಕೊಂಡರು. ಅವರ ದೇಹವನ್ನು ಮೊದಲು ತಂದದ್ದು ನಮ್ಮ ಕೋಲಾರಕ್ಕೆ, ತಂದೆಯ ಸಮಾಧಿ ಇದ್ದಲ್ಲಿಗೆ. ನಂತರ ಟಿಪ್ಪು ಅದನ್ನು ಶ್ರೀರಂಗಪಟ್ಟಣದ ಗುಂಬಜ್‌ಗೆ ಸಾಗಿಸಿದರು.

ಬಾರ್ನಿಯ ಮುಂದಿನ ಬದುಕಿನಲ್ಲಿ ಒಂದು ಕಹಿ ಘಟ್ಟವಿದೆ. 1794ರಲ್ಲಿ ಹೊಸ ನೌಕಾಪಡೆಗೆ ಆರು ಕಪ್ತಾನರನ್ನು ಆರಿಸಿದಾಗ ಅವನೂ ಒಬ್ಬ. ಆದರೆ ತನಗಿಂತ ಕಿರಿಯನೆಂದು ತಾನು ಭಾವಿಸಿದವನ ಹೆಸರು ಪಟ್ಟಿಯಲ್ಲಿ ತನಗಿಂತ ಮೇಲಿದೆ ಎಂದು ಅವನು ಹುದ್ದೆಯನ್ನೇ ಬೇಡವೆಂದ. ಆರೇಳು ವರ್ಷ ಫ್ರಾನ್ಸಿನ ನೌಕಾಪಡೆಯಲ್ಲಿ ದುಡಿದ. ಅದು ಸ್ವಾಭಿಮಾನವೋ ಹಠವೋ ಓದುಗರೇ ತೀರ್ಮಾನಿಸಲಿ. ದೇಶದ ನೌಕಾಪಡೆ ಮಾತ್ರ ಒಬ್ಬ ಒಳ್ಳೆಯ ಕಪ್ತಾನನನ್ನು ಅಷ್ಟು ವರ್ಷ ಕಳೆದುಕೊಂಡಿತು.

1812ರಲ್ಲಿ ಇಂಗ್ಲೆಂಡಿನ ಜೊತೆ ಮತ್ತೆ ಯುದ್ಧವಾದಾಗ ಅವನು ಹಳೆಯ ಮುನಿಸು ಬಿಟ್ಟು ಮುಂದೆ ಬಂದ. ಚೆಸಪೀಕ್ ಕೊಲ್ಲಿಯನ್ನು ಕಾಯಲು ದೊಡ್ಡ ಹಡಗು ಬೇಕಿಲ್ಲ, ಕಡಿಮೆ ನೀರಿನಲ್ಲೂ ಸಾಗುವ ಚಿಕ್ಕ ದೋಣಿಗಳು ಸಾಕು ಎಂಬ ಯೋಜನೆ ಕೊಟ್ಟು, ಅವುಗಳ ನಾಯಕನಾದ. 1814ರ ಆಗಸ್ಟ್ 22ರಂದು, ಶತ್ರುವಿನ ಕೈಗೆ ಸಿಗಬಾರದೆಂದು ಆ ದೋಣಿಗಳನ್ನು ಸ್ಫೋಟಿಸಲಾಯಿತು. ದೋಣಿ ಕಳೆದುಕೊಂಡ ನಾವಿಕರು ಫಿರಂಗಿಗಳನ್ನು ಎಳೆದುಕೊಂಡು ರಾಜಧಾನಿ ವಾಷಿಂಗ್ಟನ್ನಿನ ಕಡೆ ನಡೆದರು. ಅವರಲ್ಲಿ ಕಪ್ಪು ಜನಾಂಗದ ನಾವಿಕರೂ ಇದ್ದರು. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದಿದ್ದ ಚಾರ್ಲ್ಸ್ ಬಾಲ್ ಅವರಲ್ಲೊಬ್ಬ. ಇವರು ಶತ್ರುವನ್ನು ಕಂಡು ಓಡಿಹೋಗುವುದಿಲ್ಲವೇ ಎಂದು ಅಧ್ಯಕ್ಷ ಮ್ಯಾಡಿಸನ್ ಕೇಳಿದಾಗ, ಇವರಿಗೆ ಓಡುವುದು ಗೊತ್ತಿಲ್ಲ, ಫಿರಂಗಿಯ ಪಕ್ಕದಲ್ಲೇ ಸಾಯುತ್ತಾರೆ ಎಂದು ಬಾರ್ನಿ ಹೇಳಿದನೆಂದು ಅಧ್ಯಕ್ಷರ ಮನೆಯ ಸೇವಕ ಪಾಲ್ ಜೆನ್ನಿಂಗ್ಸ್ ಮುಂದೆ ಬರೆದಿಟ್ಟ.

ಆಗಸ್ಟ್ 24ರಂದು ಬ್ಲಾಡೆನ್ಸ್‌ಬರ್ಗ್‌ನಲ್ಲಿ ಆ ಮಾತು ನಿಜವಾಯಿತು. ಸಾವಿರಾರು ಜನರ ನಾಡಪಡೆ ಚದುರಿ ಓಡಿತು. ಬಾರ್ನಿಯ ಐನೂರರಷ್ಟು ನಾವಿಕರು ಮತ್ತು ಮೆರೈನ್ ಸೈನಿಕರು ಮಾತ್ರ ಜಾಗ ಬಿಡಲಿಲ್ಲ. ಮದ್ದುಗುಂಡಿನ ಗಾಡಿಗಳೂ ಓಡಿಹೋದ ಮೇಲೆ, ತೊಡೆಗೆ ಗುಂಡು ತಗುಲಿ ಬಿದ್ದಿದ್ದ ಬಾರ್ನಿ ತನ್ನವರಿಗೆ ಹಿಂದೆ ಸರಿಯಲು ಹೇಳಿ ತಾನು ಸೆರೆಸಿಕ್ಕ. ಇಂಗ್ಲಿಷ್ ಸೇನಾಪತಿ ಅವನ ಧೈರ್ಯ ಮೆಚ್ಚಿ ಚಿಕಿತ್ಸೆ ಕೊಡಿಸಿ ಬಿಡುಗಡೆ ಮಾಡಿದ. ಆ ರಾತ್ರಿ ವಾಷಿಂಗ್ಟನ್ ಉರಿಯಿತು. ತೊಡೆಯ ಗುಂಡು ಹೊರಬರಲೇ ಇಲ್ಲ. ಆ ಗಾಯದ ತೊಂದರೆಯಿಂದಲೇ 1818ರ ಡಿಸೆಂಬರ್ 1ರಂದು, ಕುಟುಂಬದೊಂದಿಗೆ ಕೆಂಟಕಿಗೆ ಹೋಗುವ ದಾರಿಯಲ್ಲಿ, ಪಿಟ್ಸ್‌ಬರ್ಗ್‌ನಲ್ಲಿ ಬಾರ್ನಿ ತೀರಿಕೊಂಡ.

ನೂರು ವರ್ಷದ ಮೇಲೆ, 1918ರ ಸೆಪ್ಟೆಂಬರ್ 5ರಂದು ಬಾರ್ನಿ ಹೆಸರಿನ ಮೊದಲ ಡೆಸ್ಟ್ರಾಯರ್ ನೀರಿಗಿಳಿಯಿತು. ಅದನ್ನು ಕಟ್ಟಿದ್ದು ಫಿಲಡೆಲ್ಫಿಯಾದಲ್ಲೇ, ಹೈದರ್ ಅಲಿಗೆ ಫಿರಂಗಿ ಹೂಡಿದ ಅದೇ ಊರಿನಲ್ಲಿ. ಡೆಸ್ಟ್ರಾಯರ್ ಎಂದರೆ ಗಾತ್ರಕ್ಕಿಂತ ವೇಗವನ್ನು ನೆಚ್ಚಿದ ಯುದ್ಧನೌಕೆ. ಬೇರೆ ಹಡಗುಗಳ ಜೊತೆ ಸಾಗುತ್ತಾ ಅವನ್ನು ಕಾಯುವುದು ಅದರ ಮುಖ್ಯ ಕೆಲಸ. ಎರಡನೇ ಮಹಾಯುದ್ಧದಲ್ಲಿ ಈ ನೌಕೆ ಕೆರಿಬಿಯನ್ ಸಮುದ್ರದಲ್ಲಿ ಸರಕು ಹಡಗುಗಳಿಗೆ ಬೆಂಗಾವಲಾಗಿತ್ತು. 1782ರಲ್ಲಿ ಹೈದರ್ ಅಲಿ ಮಾಡಿದ್ದೂ ಅದೇ ಕೆಲಸ. ಎರಡನೆಯ ಡೆಸ್ಟ್ರಾಯರ್ ಬಾರ್ನಿ, ಕ್ಷಿಪಣಿ ಹೊತ್ತ 133 ಮೀಟರ್ ಉದ್ದದ ನೌಕೆ, ನದಿಯ ಆಚೆ ದಡದ ಕ್ಯಾಮ್ಡನ್‌ನಲ್ಲಿ 1960ರಲ್ಲಿ ನೀರಿಗಿಳಿದು 1962ರಿಂದ 1990ರವರೆಗೆ ಸೇವೆಯಲ್ಲಿತ್ತು. ಎರಡೂ ಮೊದಲು ತೇಲಿದ್ದು ಡೆಲಾವೇರ್ ನೀರಿನಲ್ಲಿ.

ಬಾರ್ನಿ ಬೂದಿಕೋಟೆಯನ್ನು ಕಂಡವನಲ್ಲ. ಹೈದರಾಲಿಯವರು ಅಮೆರಿಕವನ್ನು ಕಂಡವರಲ್ಲ. ಹಾಗಿದ್ದೂ ಒಬ್ಬರ ಹೆಸರಿನ ಹಡಗಿನಿಂದ ಇನ್ನೊಬ್ಬನಿಗೆ ಹೆಸರು ಬಂತು. ಕೋಟೆ ನೋಡಲು ಹೋದಾಗ ನಮ್ಮಲ್ಲಿ ಕೆಲವರು ಕಲ್ಲಿನ ಮೇಲೆ ತಮ್ಮ ಹೆಸರು ಕೆತ್ತಿ ಬರುವುದುಂಟು. ಮುಂದಿನ ಸಲ ಕೆತ್ತುವ ಮುನ್ನ ಈ ಹಡಗಿನ ಕಥೆ ನೆನಪಾಗಲಿ. ಅಲ್ಲೇ ಹುಟ್ಟಿದ ಒಬ್ಬರ ಹೆಸರು ಕಲ್ಲಿನ ಹಂಗಿಲ್ಲದೆ, ಅವರ ಕೆಲಸದಿಂದಲೇ, ಕಾಣದ ಸಮುದ್ರದ ತನಕ ಹೋಗಿತ್ತು.